ನೆರಳಿನಲ್ಲಿ ನಿಂತವರ ಮುಖ

ಮಕ್ಕಳೇ, ನಿಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಕೋಣೆಯ ಗೋಡೆಯನ್ನು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಹಳೆಯ ಶಾಲೆಯಾದರೆ ಅಲ್ಲಿ ಒಂದೆರಡು ಕಪ್ಪು-ಬಿಳುಪು ಗ್ರೂಪ್ ಫೋಟೋಗಳು ಇರುತ್ತವೆ. ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಚಿಕ್ಕವರು, ನಡುವೆ ಕುರ್ಚಿಯಲ್ಲಿ ಮೇಷ್ಟ್ರುಗಳು, ಹಿಂದೆ ಬೆಂಚಿನ ಮೇಲೆ ನಿಂತ ದೊಡ್ಡವರು. ಅಂಥ ಒಂದು ಫೋಟೋದಿಂದ ಈ ಪಾಠವನ್ನು ಶುರು ಮಾಡೋಣ.

ಒಮ್ಮೆ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಅಲ್ಲಿ ಓದಿದ್ದ ಒಬ್ಬ ಅಜ್ಜಿ ತಮ್ಮ ಮೊಮ್ಮಗಳ ಕೈ ಹಿಡಿದು ಬಂದಿದ್ದರು. ಕಚೇರಿಯ ಗೋಡೆಯಲ್ಲಿ 1974ನೇ ಇಸವಿಯ ಏಳನೇ ತರಗತಿಯ ಫೋಟೋ ಇತ್ತು. ಅಜ್ಜಿ ಅದರ ಎಡ ತುದಿಗೆ ಬೆರಳಿಟ್ಟು, "ಇಲ್ಲಿ ನಿಂತಿರೋಳು ನಾನೇ ಮಗಾ" ಎಂದರು. ಮೊಮ್ಮಗಳು ಕಣ್ಣು ಕಿರಿದು ಮಾಡಿ ನೋಡಿ, "ಎಲ್ಲಜ್ಜಿ? ಇಲ್ಲಿ ಬರೀ ಕಪ್ಪು ಐತಲ್ಲ" ಎಂದಳು.

ಅವಳು ಹೇಳಿದ್ದು ನಿಜ. ಫೋಟೋದ ನಡುವೆ ಬಿಸಿಲಿನಲ್ಲಿದ್ದವರ ಮುಖ ಚೆನ್ನಾಗಿ ಕಾಣುತ್ತಿತ್ತು. ಅವರ ಬಿಳಿ ಅಂಗಿಗಳು ಸುಣ್ಣದ ಗೋಡೆಯಂತೆ ಬೆಳ್ಳಗಿದ್ದವು. ಆದರೆ ಎಡ ತುದಿಯವರು ಹೊಂಗೆ ಮರದ ನೆರಳಿನಲ್ಲಿ ನಿಂತಿದ್ದರು. ಅವರ ಮುಖ, ಕೂದಲು, ಹಿಂದಿನ ಮರ ಎಲ್ಲವೂ ಸೇರಿ ಒಂದೇ ಕಪ್ಪು ಮುದ್ದೆಯಾಗಿತ್ತು.

ಕ್ಯಾಮೆರಾ ಅವರನ್ನು ನೋಡಲೇ ಇಲ್ಲವೇ? ಅಥವಾ ನೋಡಿದ್ದರೂ ಕಾಗದದ ಮೇಲೆ ಬರಲಿಲ್ಲವೇ? ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಉತ್ತರ ಸಿಗುವುದು ಕತ್ತಲೆ ಕೋಣೆಯಲ್ಲಿ. ಬನ್ನಿ, ಒಳಗೆ ಹೋಗೋಣ.

ಕಾಂಟ್ರಾಸ್ಟ್ ಎಂದರೇನು?

ಕಪ್ಪು ಹಲಗೆಯ ಮೇಲೆ ಬಿಳಿ ಸೀಮೆಸುಣ್ಣದಿಂದ ಬರೆದರೆ ಹಿಂದಿನ ಬೆಂಚಿನವರಿಗೂ ಕಾಣುತ್ತದೆ. ಅದೇ ಸೀಮೆಸುಣ್ಣದಿಂದ ಸುಣ್ಣ ಬಳಿದ ಗೋಡೆಯ ಮೇಲೆ ಬರೆದರೆ? ಹತ್ತಿರ ಹೋದರೂ ಕಾಣುವುದಿಲ್ಲ. ಸೀಮೆಸುಣ್ಣ ಬದಲಾಗಲಿಲ್ಲ. ಅದಕ್ಕೂ ಹಿನ್ನೆಲೆಗೂ ಇರುವ ಅಂತರ ಬದಲಾಯಿತು. ಚಿತ್ರವೊಂದರಲ್ಲಿ ಬೆಳ್ಳಗಿನ ಭಾಗಕ್ಕೂ ಕಪ್ಪಗಿನ ಭಾಗಕ್ಕೂ ಇರುವ ಈ ಅಂತರವನ್ನೇ ಕಾಂಟ್ರಾಸ್ಟ್ ಎನ್ನುತ್ತಾರೆ.

ಕಾಂಟ್ರಾಸ್ಟ್ ಹೆಚ್ಚಾದರೆ ಬಿಳಿ ಬರೀ ಬಿಳಿ, ಕಪ್ಪು ಬರೀ ಕಪ್ಪು. ನಡುವಿನ ಬೂದು ಛಾಯೆಗಳು ಮಾಯವಾಗುತ್ತವೆ. ಕಡಿಮೆಯಾದರೆ ಎಲ್ಲವೂ ಬೂದುಬೂದಾಗಿ, ಮಂಜು ಕವಿದ ಬೆಳಗಿನ ಹೊಲದಂತೆ ಮಂಕಾಗಿ ಕಾಣುತ್ತದೆ. ಒಳ್ಳೆಯ ಚಿತ್ರ ಇವೆರಡರ ನಡುವೆ ಎಲ್ಲೋ ಇರುತ್ತದೆ. ಅದನ್ನು ಹುಡುಕುವುದೇ ಫೋಟೋ ಮುದ್ರಿಸುವವರ ಕೆಲಸ.

ತಲೆಕೆಳಗಾದ ಚಿತ್ರ

ಫಿಲಂ ಮೇಲೆ ಬೆಳ್ಳಿಯ ಲವಣಗಳ ಬಹಳ ಸಣ್ಣ ಹರಳುಗಳಿರುತ್ತವೆ. ಅವುಗಳಲ್ಲಿ ಮುಖ್ಯವಾದುದು ಸಿಲ್ವರ್ ಬ್ರೋಮೈಡ್. ಬೆಳಕು ಬಿದ್ದ ಹರಳಿನಲ್ಲಿ ಕಣ್ಣಿಗೆ ಕಾಣದ ಒಂದು ಬದಲಾವಣೆ ಆಗುತ್ತದೆ. ಡೆವಲಪರ್ ಎಂಬ ರಾಸಾಯನಿಕ ದ್ರಾವಣ ಅಂಥ ಹರಳುಗಳನ್ನು ಬೆಳ್ಳಿಯ ಲೋಹವಾಗಿ ಬದಲಾಯಿಸುತ್ತದೆ. ಬೆಳ್ಳಿಯೆಂದರೆ ಹೊಳೆಯಬೇಕಲ್ಲವೇ ಎಂದು ನೀವು ಕೇಳಬಹುದು. ಈ ಬೆಳ್ಳಿ ಅತಿ ಸಣ್ಣ ಎಳೆಗಳ ರೂಪದಲ್ಲಿರುತ್ತದೆ. ಅದು ಬೆಳಕನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಕಪ್ಪಾಗಿ ಕಾಣುತ್ತದೆ.

ಈಗ ಯೋಚಿಸಿ. ಬಿಳಿ ಅಂಗಿಯಿಂದ ಹೆಚ್ಚು ಬೆಳಕು ಬಂದಿತು. ಆದ್ದರಿಂದ ಫಿಲಂನ ಆ ಭಾಗ ಕಪ್ಪಾಯಿತು. ಕಪ್ಪು ಕೂದಲಿನಿಂದ ಕಡಿಮೆ ಬೆಳಕು ಬಂದಿತು. ಆ ಭಾಗ ಪಾರದರ್ಶಕವಾಗಿ ಉಳಿಯಿತು. ಹೀಗೆ ಬಿಳಿ ಕಪ್ಪಾಗಿ, ಕಪ್ಪು ಬಿಳಿಯಾಗಿ ತಲೆಕೆಳಗಾದ ಈ ಚಿತ್ರವೇ ನೆಗೆಟಿವ್.

ನೆಗೆಟಿವ್ ಮೂಲಕ ಬೆಳಕು ಹಾಯಿಸಿ, ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ಬೀಳಿಸಿದರೆ ಎಲ್ಲವೂ ಮತ್ತೊಮ್ಮೆ ತಲೆಕೆಳಗಾಗುತ್ತದೆ. ಅಂಗಿ ಬಿಳಿಯಾಗುತ್ತದೆ, ಕೂದಲು ಕಪ್ಪಾಗುತ್ತದೆ. ಕಾಗದದ ನೆಗೆಟಿವ್‌ನಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದೆಂದು ತೋರಿಸಿಕೊಟ್ಟವರು ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್. ತಮ್ಮ ಸುಧಾರಿತ ವಿಧಾನಕ್ಕೆ ಅವರು 1841ರಲ್ಲಿ ಪೇಟೆಂಟ್ ಪಡೆದರು.

ಕತ್ತಲೆ ಕೋಣೆಯ ಒಳಗೆ

ಅಜ್ಜಿಯ ಫೋಟೋ ತೆಗೆದಿದ್ದ ಸ್ಟುಡಿಯೋದವರು ಈಗಿಲ್ಲ. ಆದರೆ ಅವರ ಮಗ ಹಳೆಯ ನೆಗೆಟಿವ್‌ಗಳನ್ನು ಇಸವಿ ಬರೆದು ಡಬ್ಬಿಗಳಲ್ಲಿ ಜೋಪಾನವಾಗಿ ಇಟ್ಟಿದ್ದರು. ನಾವು ಕೇಳಿದಾಗ ಅಟ್ಟದ ಮೇಲಿದ್ದ ಎನ್‌ಲಾರ್ಜರನ್ನೂ ಇಳಿಸಿ ಒರೆಸಿದರು. ಎನ್‌ಲಾರ್ಜರ್ ಎಂದರೆ ನೆಗೆಟಿವ್‌ನ ಚಿತ್ರವನ್ನು ದೊಡ್ಡದಾಗಿ ಕೆಳಗಿನ ಕಾಗದದ ಮೇಲೆ ಬೀಳಿಸುವ ಯಂತ್ರ. ಮೇಲೆ ದೀಪ, ಅದರ ಕೆಳಗೆ ನೆಗೆಟಿವ್, ಅದರ ಕೆಳಗೆ ಮಸೂರ.

ಕೋಣೆಯಲ್ಲಿ ಒಂದು ಮಂದ ಕೆಂಪು ದೀಪ ಮಾತ್ರ ಉರಿಯುತ್ತಿತ್ತು. ಈ ಕಾಗದಕ್ಕೆ ನೀಲಿ ಮತ್ತು ಹಸಿರು ಬೆಳಕು 'ಕಾಣುತ್ತದೆ', ಕೆಂಪು ಬೆಳಕು 'ಕಾಣುವುದಿಲ್ಲ'. ಆದ್ದರಿಂದ ಕೆಂಪು ದೀಪದಲ್ಲಿ ನಾವು ಕಾಗದವನ್ನು ನೋಡಬಹುದು, ಕಾಗದ ಹಾಳಾಗುವುದಿಲ್ಲ.

ಮೇಜಿನ ಮೇಲೆ ಸಾಲಾಗಿ ಟ್ರೇಗಳಿದ್ದವು.

1. ಡೆವಲಪರ್: ಬೆಳಕು ಬಿದ್ದ ಹರಳುಗಳನ್ನು ಕಪ್ಪು ಬೆಳ್ಳಿಯಾಗಿಸುತ್ತದೆ. ಇದರ ಉಷ್ಣತೆ ಸುಮಾರು 20 ಡಿಗ್ರಿ ಸೆಲ್ಸಿಯಸ್ ಇರಬೇಕು.
2. ಸ್ಟಾಪ್ ಬಾತ್: ತೆಳುವಾದ ಅಸಿಟಿಕ್ ಆಮ್ಲ. ವಿನೆಗರ್‌ನಲ್ಲಿರುವುದೂ ಇದೇ ಆಮ್ಲ. ಇದು ಡೆವಲಪರ್‌ನ ಕೆಲಸವನ್ನು ನಿಲ್ಲಿಸುತ್ತದೆ.
3. ಫಿಕ್ಸರ್: ಉಳಿದ ಬೆಳ್ಳಿ ಲವಣವನ್ನು ಕರಗಿಸಿ ತೆಗೆಯುತ್ತದೆ. ಸ್ಟುಡಿಯೋದವರು ಇದನ್ನು 'ಹೈಪೋ' ಎನ್ನುತ್ತಾರೆ. ಇದು ಬೆಳ್ಳಿ ಲವಣವನ್ನು ಕರಗಿಸುತ್ತದೆ ಎಂದು 1819ರಲ್ಲಿ ಕಂಡುಕೊಂಡವರು ಜಾನ್ ಹರ್ಷೆಲ್.
4. ನೀರು: ಕೊನೆಗೆ ಚೆನ್ನಾಗಿ ತೊಳೆಯಲು.

ಬೆಳಕು ಬಿದ್ದ ಕಾಗದ ನೋಡಲು ಖಾಲಿ ಹಾಳೆಯಂತೆಯೇ ಇರುತ್ತದೆ. ಡೆವಲಪರ್‌ನಲ್ಲಿ ಮುಳುಗಿಸಿ ಟ್ರೇಯನ್ನು ನಿಧಾನವಾಗಿ ಅಲುಗಾಡಿಸುತ್ತಿದ್ದರೆ, ಕೆಲವೇ ಸೆಕೆಂಡುಗಳಲ್ಲಿ ಚಿತ್ರ ಮೂಡತೊಡಗುತ್ತದೆ. ಅವಸರ ಮಾಡಬಾರದು. "ಕಪ್ಪಾಯಿತು" ಎಂದು ಬೇಗ ಎತ್ತಿಬಿಟ್ಟರೆ ಗಾಢ ಕಪ್ಪು ಬರುವುದೇ ಇಲ್ಲ, ಚಿತ್ರ ಕಲೆಕಲೆಯಾಗುತ್ತದೆ. ನಿಗದಿಯಾದಷ್ಟು ಹೊತ್ತು ಕಾಯಲೇಬೇಕು.

ಸಮಯ ಒಂದು, ಕಾಂಟ್ರಾಸ್ಟ್ ಇನ್ನೊಂದು

ಇಲ್ಲಿ ಹೊಸಬರು ಒಂದು ತಪ್ಪು ಮಾಡುತ್ತಾರೆ. ಮುಖ ಕಪ್ಪಾಗಿದೆಯೇ? ಬೆಳಕು ಬೀಳಿಸುವ ಸಮಯವನ್ನು ಕಡಿಮೆ ಮಾಡಿದರಾಯಿತು ಎಂದುಕೊಳ್ಳುತ್ತಾರೆ. ಆಗ ಮುಖವೇನೋ ತಿಳಿಯಾಗುತ್ತದೆ. ಆದರೆ ಅಂಗಿಗಳೂ ತಿಳಿಯಾಗಿ, ಮಡಿಕೆ, ಗುಂಡಿ, ಜೇಬು ಎಲ್ಲ ಅಳಿಸಿಹೋಗಿ ಖಾಲಿ ಕಾಗದವಾಗುತ್ತವೆ. ಸಮಯ ಹೆಚ್ಚಿಸಿದರೆ ಅಂಗಿ ಸರಿಯಾಗುತ್ತದೆ, ಮುಖ ಮತ್ತೆ ಮುಳುಗುತ್ತದೆ.

ಏಕೆಂದರೆ ಸಮಯ ಬದಲಾಯಿಸಿದಾಗ ಇಡೀ ಚಿತ್ರ ಒಟ್ಟಿಗೆ ಕಪ್ಪಾಗುತ್ತದೆ, ಇಲ್ಲವೇ ಒಟ್ಟಿಗೆ ತಿಳಿಯಾಗುತ್ತದೆ. ಅಂಗಿಗೂ ಮುಖಕ್ಕೂ ಇರುವ ಅಂತರ ಹಾಗೆಯೇ ಉಳಿಯುತ್ತದೆ. ಅಂತರವನ್ನು ಬದಲಾಯಿಸಲು ಬೇರೆಯೇ ಒಂದು ಉಪಾಯ ಬೇಕು. ಅದೇ ಕಾಗದದ ಗ್ರೇಡ್.

ಸಾಫ್ಟ್, ನಾರ್ಮಲ್, ಹಾರ್ಡ್

ಎಲ್ಲ ಫೋಟೋ ಕಾಗದಗಳೂ ಒಂದೇ ಸ್ವಭಾವದವಲ್ಲ. ಕೆಲವು ಬಹಳ ಮುಂಗೋಪಿಗಳು: ಬೆಳಕು ಸ್ವಲ್ಪ ಹೆಚ್ಚಾದರೆ ಸಾಕು, ಬಿಳಿಯಿಂದ ಕಪ್ಪಿಗೆ ಹಾರಿಬಿಡುತ್ತವೆ. ಇವು ಹಾರ್ಡ್ ಕಾಗದಗಳು. ಕೆಲವು ತಾಳ್ಮೆಯವು: ಬೆಳಕು ಹೆಚ್ಚಿದಂತೆಲ್ಲ ಮೆಲ್ಲಮೆಲ್ಲನೆ, ಮೆಟ್ಟಿಲು ಮೆಟ್ಟಿಲಾಗಿ ಕಪ್ಪಾಗುತ್ತವೆ. ಇವು ಸಾಫ್ಟ್ ಕಾಗದಗಳು. ನಡುವಿನದು ನಾರ್ಮಲ್. ಇವನ್ನು ಸಂಖ್ಯೆಗಳಲ್ಲೂ ಹೇಳುತ್ತಾರೆ. ಬಿಳಿಯಿಂದ ಕಪ್ಪಿಗೆ ಹೋಗಲು ಬೆಳಕು ಎಷ್ಟು ಪಟ್ಟು ಹೆಚ್ಚಬೇಕು ಎಂಬುದನ್ನು ಸ್ಥೂಲವಾಗಿ ಹೀಗೆ ನೆನಪಿಡಬಹುದು:

ಗ್ರೇಡ್ 0 (ತುಂಬಾ ಸಾಫ್ಟ್): ಸುಮಾರು 40 ಪಟ್ಟು
ಗ್ರೇಡ್ 1 (ಸಾಫ್ಟ್): ಸುಮಾರು 20 ಪಟ್ಟು
ಗ್ರೇಡ್ 2 (ನಾರ್ಮಲ್): ಸುಮಾರು 12 ಪಟ್ಟು
ಗ್ರೇಡ್ 3 (ಹಾರ್ಡ್): ಸುಮಾರು 8 ಪಟ್ಟು
ಗ್ರೇಡ್ 4 (ಇನ್ನೂ ಹಾರ್ಡ್): ಸುಮಾರು 4 ಪಟ್ಟು
ಗ್ರೇಡ್ 5 (ತುಂಬಾ ಹಾರ್ಡ್): ಸುಮಾರು 3 ಪಟ್ಟು

ತಯಾರಕರಿಂದ ತಯಾರಕರಿಗೆ ಈ ಅಂಕಿಗಳು ಸ್ವಲ್ಪ ಬದಲಾಗುತ್ತವೆ. ಕ್ರಮ ಮಾತ್ರ ಬದಲಾಗುವುದಿಲ್ಲ.

ಇದನ್ನು ಏಣಿಯಂತೆ ಊಹಿಸಿಕೊಳ್ಳಿ. ಏಣಿಯ ಕೆಳಗಿನ ಮೆಟ್ಟಿಲು ಬಿಳಿ, ಮೇಲಿನದು ಕಪ್ಪು. ಸಾಫ್ಟ್ ಕಾಗದದ ಏಣಿ ಉದ್ದವಾಗಿದೆ, ಅದರಲ್ಲಿ ಬಹಳ ಛಾಯೆಗಳಿಗೆ ಜಾಗವಿದೆ. ಹಾರ್ಡ್ ಕಾಗದದ ಏಣಿ ಗಿಡ್ಡ. ನೆಗೆಟಿವ್‌ನ ಅಂತರ ಏಣಿಗಿಂತ ಉದ್ದವಾದರೆ, ಹೆಚ್ಚಾದ ತುದಿ ಹೊರಗೆ ಬೀಳುತ್ತದೆ. ಹೊರಗೆ ಬಿದ್ದದ್ದು ಬರೀ ಕಪ್ಪು ಅಥವಾ ಬರೀ ಬಿಳಿ.

ಹಾಗಾದರೆ ಹಾರ್ಡ್ ಕಾಗದ ಕೆಟ್ಟದ್ದೇ? ಇಲ್ಲ. ಮೋಡ ಕವಿದ ದಿನ ತೆಗೆದ ಫೋಟೋದಲ್ಲಿ ನೆಗೆಟಿವ್‌ನ ಅಂತರವೇ ಕಡಿಮೆ ಇರುತ್ತದೆ. ಅದನ್ನು ಸಾಫ್ಟ್ ಕಾಗದದ ಮೇಲೆ ಮುದ್ರಿಸಿದರೆ ಉದ್ದ ಏಣಿಯ ನಡುವಿನ ನಾಲ್ಕು ಮೆಟ್ಟಿಲು ಮಾತ್ರ ಬಳಕೆಯಾಗಿ ಚಿತ್ರ ಮಂಕಾಗುತ್ತದೆ. ಅದಕ್ಕೆ ಹಾರ್ಡ್ ಕಾಗದವೇ ಸರಿ. ಕಾಗದವನ್ನು ನೆಗೆಟಿವ್‌ಗೆ ಹೊಂದಿಸುವುದು ಮುಖ್ಯ.

*ನಿಮಗೆ ಗೊತ್ತೆ?*
ನಮ್ಮ ದೇಶದಲ್ಲೇ ಫೋಟೋ ಫಿಲಂ ಮತ್ತು ಕಾಗದ ತಯಾರಿಸಲು 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಂಪನಿ ಸ್ಥಾಪನೆಯಾಯಿತು. ಅದರ ಕಾರ್ಖಾನೆ ಮೈಸೂರಿನಿಂದ ಬಹಳ ದೂರವಿಲ್ಲದ ಊಟಿಯಲ್ಲಿತ್ತು. ಅಲ್ಲಿನ ಸರಕಿಗೆ 'ಇಂದು' ಎಂಬ ಹೆಸರಿತ್ತು. ಇಂದು ಎಂದರೆ ಚಂದ್ರ. ಆ ಕಾರ್ಖಾನೆ ಈಗ ಮುಚ್ಚಿದೆ.

ಒಂದೇ ಕಾಗದದಲ್ಲಿ ಎಲ್ಲ ಗ್ರೇಡ್

ಹಿಂದೆ ಸ್ಟುಡಿಯೋದವರು ಪ್ರತಿ ಗ್ರೇಡಿಗೂ ಬೇರೆ ಬೇರೆ ಪೊಟ್ಟಣ ಇಟ್ಟುಕೊಳ್ಳಬೇಕಿತ್ತು. ಅದು ದುಬಾರಿ. ಸಣ್ಣ ಊರಿನ ಸ್ಟುಡಿಯೋದಲ್ಲಿ ಒಂದೋ ಎರಡೋ ಗ್ರೇಡ್ ಇದ್ದರೆ ಹೆಚ್ಚು. ಅಜ್ಜಿಯ ಫೋಟೋದ ಹಳೆಯ ಪ್ರತಿ ಹಾರ್ಡ್ ಕಾಗದದ ಮೇಲೆ ಬಂದಂತೆ ಕಾಣುತ್ತಿತ್ತು. ಬಹುಶಃ ಆ ದಿನ ಪೊಟ್ಟಣದಲ್ಲಿ ಉಳಿದಿದ್ದದ್ದೇ ಅದು!

ಈ ತೊಂದರೆಗೆ ಇಂಗ್ಲೆಂಡಿನ ಇಲ್ಫರ್ಡ್ ಕಂಪನಿ 1940ರಲ್ಲಿ ಒಂದು ಪರಿಹಾರವನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರು ಮಲ್ಟಿಗ್ರೇಡ್ ಕಾಗದ. ಅದೇ ಹೆಸರಿನ ಕಾಗದ ಇಂದಿಗೂ ತಯಾರಾಗುತ್ತಿದೆ. ಇದರಲ್ಲಿ ಬೆಳಕಿನ ಬಣ್ಣ ಬದಲಾಯಿಸಿದರೆ ಗ್ರೇಡ್ ಬದಲಾಗುತ್ತದೆ. ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣದ ಬೆಳಕೇ? ಹೌದು!

ಇದು ಹೇಗೆಂದು ತಿಳಿಯಲು ನಿಮ್ಮ ತರಗತಿಯನ್ನೇ ನೆನೆಯಿರಿ. ಮೂರು ಸಾಲು ಮಕ್ಕಳು ಕುಳಿತಿದ್ದಾರೆ. ಗಂಟೆಯ ಸದ್ದು ಕೇಳಿದ ಕೂಡಲೇ ಮೂರೂ ಸಾಲು ಒಟ್ಟಿಗೆ ಎದ್ದರೆ, ತರಗತಿ ಒಂದೇ ಕ್ಷಣದಲ್ಲಿ 'ಎಲ್ಲರೂ ಕುಳಿತಿದ್ದಾರೆ' ಎಂಬ ಸ್ಥಿತಿಯಿಂದ 'ಎಲ್ಲರೂ ನಿಂತಿದ್ದಾರೆ' ಎಂಬ ಸ್ಥಿತಿಗೆ ಬದಲಾಗುತ್ತದೆ. ಬದಲಿಗೆ ಮೆಲ್ಲನೆ ಬಾರಿಸಿದರೆ ಮೊದಲ ಸಾಲು, ಜೋರಾಗಿ ಬಾರಿಸಿದರೆ ಎರಡನೇ ಸಾಲು, ಇನ್ನೂ ಜೋರಾಗಿ ಬಾರಿಸಿದರೆ ಮೂರನೇ ಸಾಲು ಏಳುವಂತಿದ್ದರೆ ಬದಲಾವಣೆ ಮೆಟ್ಟಿಲು ಮೆಟ್ಟಿಲಾಗಿ ಆಗುತ್ತದೆ.

ಮಲ್ಟಿಗ್ರೇಡ್ ಕಾಗದದ ಲೇಪನದಲ್ಲೂ ಇಂಥ ಮೂರು 'ಸಾಲು'ಗಳಿವೆ. ಅಂದರೆ ಬೆಳ್ಳಿ ಲವಣದ ಮೂರು ಬಗೆಯ ಮಿಶ್ರಣ. ನೀಲಿ ಬೆಳಕು ಬಿದ್ದರೆ ಮೂರೂ ಒಟ್ಟಿಗೆ ಏಳುತ್ತವೆ. ಬಿಳಿಯಿಂದ ಕಪ್ಪಿಗೆ ಒಂದೇ ನೆಗೆತ! ಇದು ಹಾರ್ಡ್. ಹಸಿರು ಬೆಳಕಿಗೆ ಒಂದು ಬೇಗ, ಇನ್ನೊಂದು ತಡವಾಗಿ, ಮತ್ತೊಂದು ಇನ್ನೂ ತಡವಾಗಿ ಏಳುತ್ತದೆ. ಇದು ಸಾಫ್ಟ್. ನೀಲಿ ಮತ್ತು ಹಸಿರನ್ನು ಬೇಕಾದ ಪ್ರಮಾಣದಲ್ಲಿ ಬೆರೆಸಿದರೆ ನಡುವಿನ ಎಲ್ಲ ಗ್ರೇಡ್‌ಗಳೂ ಸಿಗುತ್ತವೆ.

ಬೆರೆಸುವುದು ಹೇಗೆ? ಎನ್‌ಲಾರ್ಜರ್ ದೀಪದ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆ. ಹಳದಿ ಫಿಲ್ಟರ್ ನೀಲಿಯನ್ನು ತಡೆದು ಹಸಿರನ್ನು ಬಿಡುತ್ತದೆ. ಆದ್ದರಿಂದ ಹಳದಿ ಎಂದರೆ ಸಾಫ್ಟ್. ಮೆಜೆಂಟಾ ಎಂಬ ಕಡು ಗುಲಾಬಿ ಬಣ್ಣದ ಫಿಲ್ಟರ್ ಹಸಿರನ್ನು ತಡೆದು ನೀಲಿಯನ್ನು ಬಿಡುತ್ತದೆ. ಆದ್ದರಿಂದ ಮೆಜೆಂಟಾ ಎಂದರೆ ಹಾರ್ಡ್. ಇವೆರಡೂ ಕೆಂಪನ್ನು ಬಿಡುತ್ತವೆ, ಆದರೆ ಕೆಂಪು ಈ ಕಾಗದಕ್ಕೆ ಕಾಣುವುದೇ ಇಲ್ಲವಲ್ಲ! ಇಲ್ಫರ್ಡ್ ಫಿಲ್ಟರ್‌ಗಳ ಕಟ್ಟಿನಲ್ಲಿ 00ಯಿಂದ 5ರವರೆಗೆ, ಅರ್ಧ ಗ್ರೇಡ್‌ಗಳೂ ಸೇರಿ, 12 ಫಿಲ್ಟರ್‌ಗಳಿರುತ್ತವೆ.

*ಮಾಡಿ ನೋಡಿ – 1: ಫಿಲ್ಟರ್ ಏನು ಮಾಡುತ್ತದೆ?*
ಬಿಳಿ ಹಾಳೆಯ ಮೇಲೆ ಕೆಂಪು ಪೆನ್ನಿನಿಂದ ಒಂದು ಸಾಲು, ನೀಲಿ ಪೆನ್ನಿನಿಂದ ಒಂದು ಸಾಲು ಬರೆಯಿರಿ. ಕೆಂಪು ಪಾರದರ್ಶಕ ಕಾಗದದ ಮೂಲಕ ನೋಡಿ. ಕೆಂಪು ಅಕ್ಷರಗಳು ಮಾಯವಾಗುತ್ತವೆ ಅಥವಾ ಮಸುಕಾಗುತ್ತವೆ. ನೀಲಿ ಅಕ್ಷರಗಳು ಕಪ್ಪಾಗಿ ಎದ್ದು ಕಾಣುತ್ತವೆ. ಫಿಲ್ಟರ್ ಬೆಳಕಿಗೆ ಬಣ್ಣ ಹಚ್ಚುವುದಿಲ್ಲ, ಕೆಲವು ಬಣ್ಣಗಳನ್ನು ತಡೆಯುತ್ತದೆ ಅಷ್ಟೆ ಎಂಬುದನ್ನು ಗಮನಿಸಿ.

ಅಜ್ಜಿಯ ಮುಖ ಬಂದದ್ದು ಹೀಗೆ

ನೆಗೆಟಿವನ್ನು ಬೆಳಕಿಗೆ ಹಿಡಿದು ನೋಡಿದೆವು. ಎಡ ತುದಿ ಬಹಳ ತೆಳುವಾಗಿತ್ತು. ಆದರೆ ಖಾಲಿ ಇರಲಿಲ್ಲ. ಭೂತಗನ್ನಡಿಯಲ್ಲಿ ಕಣ್ಣು, ಮೂಗಿನ ಗುರುತು ಕಂಡಿತು. ಅಂದರೆ ಕ್ಯಾಮೆರಾ ಅವರನ್ನು ನೋಡಿತ್ತು! ಕಾಗದಕ್ಕೆ ಬಂದಿರಲಿಲ್ಲ ಅಷ್ಟೆ.

*ಮೊದಲ ಹೆಜ್ಜೆ: ಬಿಳಿಗೆ ಸಮಯ ಗೊತ್ತುಮಾಡುವುದು.* ಗ್ರೇಡ್ 2ರ ಫಿಲ್ಟರ್ ಹಾಕಿ, ಒಂದು ಪಟ್ಟಿ ಕಾಗದವನ್ನು ಅಂಗಿಗಳು ಬೀಳುವ ಜಾಗದಲ್ಲಿಟ್ಟರು. ರಟ್ಟಿನಿಂದ ಮುಚ್ಚಿ, ಪ್ರತಿ 5 ಸೆಕೆಂಡಿಗೆ ಒಂದಿಷ್ಟು ತೆರೆಯುತ್ತಾ ಹೋದರು. ಹೀಗೆ ಒಂದೇ ಪಟ್ಟಿಯಲ್ಲಿ 5, 10, 15, 20 ಸೆಕೆಂಡಿನ ನಾಲ್ಕು ಭಾಗಗಳು ಸಿಕ್ಕವು. ಇದಕ್ಕೆ ಟೆಸ್ಟ್ ಸ್ಟ್ರಿಪ್ ಎನ್ನುತ್ತಾರೆ. 15 ಸೆಕೆಂಡಿನ ಭಾಗದಲ್ಲಿ ಅಂಗಿ ಬೆಳ್ಳಗಿದ್ದೂ ಅದರ ಮಡಿಕೆಗಳು ನವಿರಾಗಿ ಕಂಡವು.

*ಎರಡನೇ ಹೆಜ್ಜೆ: ಕಪ್ಪನ್ನು ನೋಡುವುದು.* ಅಷ್ಟೇ ಸಮಯದಲ್ಲಿ ಇಡೀ ಚಿತ್ರ ಮುದ್ರಿಸಿದರು. ಎಡ ತುದಿ ಇನ್ನೂ ಕಪ್ಪಾಗಿಯೇ ಇತ್ತು. ಈಗ ಸಮಯವನ್ನು ಮುಟ್ಟದೆ ಗ್ರೇಡ್ ಬದಲಾಯಿಸಬೇಕು. ಈ ನಿಯಮವನ್ನು ನೆನಪಿಡಿ: ಬಿಳಿಯನ್ನು ಸಮಯದಿಂದ ಸರಿಪಡಿಸು, ಕಪ್ಪನ್ನು ಗ್ರೇಡ್‌ನಿಂದ ಸರಿಪಡಿಸು.

*ಮೂರನೇ ಹೆಜ್ಜೆ: ಸಾಫ್ಟ್ ಕಡೆಗೆ.* ಗ್ರೇಡ್ 1ರ ಫಿಲ್ಟರ್ ಹಾಕಿದರು. ಗ್ರೇಡ್ ಇಳಿಸಿದಾಗ ಬಿಳಿಯ ಭಾಗ ಸ್ವಲ್ಪ ಕಂದುವುದರಿಂದ, ಮತ್ತೊಮ್ಮೆ ಪರೀಕ್ಷಿಸಿ ಸಮಯವನ್ನು 13 ಸೆಕೆಂಡಿಗೆ ಇಳಿಸಿದರು. ನೆರಳಿನಿಂದ ಮುಖಗಳ ಅಂಚು ಹೊರಬಂತು.

*ನಾಲ್ಕನೇ ಹೆಜ್ಜೆ: ಕೈ ನೆರಳು.* ಇನ್ನಷ್ಟು ಸಾಫ್ಟ್ ಮಾಡಿದರೆ ನೆರಳು ಸರಿಹೋಗುತ್ತಿತ್ತು. ಆದರೆ ನಡುವಿನವರ ಕಪ್ಪು ಕೂದಲು ಬೂದಾಗಿ ಚಿತ್ರವೆಲ್ಲ ಮಂಕಾಗುತ್ತಿತ್ತು. ಅದರ ಬದಲು ಅವರು ತಂತಿಯ ತುದಿಗೆ ಅಂಟಿಸಿದ ಒಂದು ರಟ್ಟಿನ ಬಿಲ್ಲೆಯನ್ನು 13 ಸೆಕೆಂಡುಗಳಲ್ಲಿ 4 ಸೆಕೆಂಡು ಆ ತುದಿಗೆ ಅಡ್ಡ ಹಿಡಿದರು. ಬಿಲ್ಲೆಯನ್ನು ನಿಲ್ಲಿಸದೆ ಅಲುಗಾಡಿಸುತ್ತಲೇ ಇದ್ದರು, ಇಲ್ಲದಿದ್ದರೆ ಅದರ ಅಂಚಿನ ಗೆರೆ ಚಿತ್ರದಲ್ಲಿ ಮೂಡುತ್ತದೆ. ಇದಕ್ಕೆ ಡಾಡ್ಜಿಂಗ್ ಎನ್ನುತ್ತಾರೆ. ಇದಕ್ಕೆ ವಿರುದ್ಧವಾಗಿ, ಒಂದು ಭಾಗಕ್ಕೆ ಮಾತ್ರ ಹೆಚ್ಚು ಬೆಳಕು ಕೊಡುವುದು ಬರ್ನಿಂಗ್.

ಇದರ ಹಿಂದಿನ ಲೆಕ್ಕ ನೋಡೋಣ. ಅಂಗಿಯ ಭಾಗದಿಂದ 1 ಪಾಲು ಬೆಳಕು ಹಾಯ್ದರೆ, ನೆರಳಿನ ತುದಿಯಿಂದ 25 ಪಾಲು ಹಾಯುತ್ತದೆ ಎಂದಿಟ್ಟುಕೊಳ್ಳಿ. ಹಳೆಯ ಪ್ರತಿ ಗ್ರೇಡ್ 3ರದ್ದಾದರೆ ಅದಕ್ಕೆ 8 ಪಟ್ಟು ಮಾತ್ರ ಸಾಧ್ಯ. ಆದ್ದರಿಂದ ನೆರಳು ಮುಳುಗಿತು. ಗ್ರೇಡ್ 1ಕ್ಕೆ 20 ಪಟ್ಟು ಸಾಧ್ಯ. ಆದರೂ 25ಕ್ಕೆ ಸಾಲದು. 13 ಸೆಕೆಂಡಿನಲ್ಲಿ 4 ಸೆಕೆಂಡು ತಡೆದರೆ ಆ ತುದಿಗೆ ಬಿದ್ದದ್ದು 9 ಸೆಕೆಂಡಿನ ಬೆಳಕು. 25 × 9 ÷ 13 = ಸುಮಾರು 17. ಈಗ 20ರ ಒಳಗೆ ಬಂತು!

ಡೆವಲಪರ್ ಟ್ರೇಯಲ್ಲಿ ಎಲ್ಲರೂ ಬಗ್ಗಿ ನೋಡುತ್ತಿದ್ದೆವು. ಮೊದಲು ಹೊಂಗೆ ಮರ, ಆಮೇಲೆ ಎರಡು ಜಡೆ, ಆಮೇಲೆ ಮುಖ, ಕೊನೆಗೆ ಮೂಗುಬೊಟ್ಟು. ಮೊಮ್ಮಗಳು, "ಅಜ್ಜಿ, ನೀನು ನನ್ ಥರಾನೇ ಇದೀಯ!" ಎಂದಳು. ಅಜ್ಜಿ ಏನೂ ಹೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡರು.

ಯಾವುದು ಸಾಧ್ಯವಿಲ್ಲ?

ಅಜ್ಜಿಯ ಪಕ್ಕದಲ್ಲಿ ಇನ್ನೊಬ್ಬ ಹುಡುಗ ನಿಂತಿದ್ದ. ಅವನು ಮರದ ಕಾಂಡಕ್ಕೆ ಒತ್ತಿಕೊಂಡಂತೆ ದಟ್ಟ ನೆರಳಿನಲ್ಲಿದ್ದ. ನೆಗೆಟಿವ್‌ನಲ್ಲಿ ಅವನ ಮುಖದ ಜಾಗ ಪೂರ್ತಿ ಖಾಲಿಯಾಗಿತ್ತು. ಬೆಳ್ಳಿಯೇ ಇರಲಿಲ್ಲ. ಗ್ರೇಡ್ 0 ಹಾಕಿ ನೋಡಿದರು, ಹೆಚ್ಚು ಹೊತ್ತು ತಡೆದು ನೋಡಿದರು. ಬರೀ ಬೂದು ಕಲೆ ಬಂತು, ಮುಖ ಬರಲಿಲ್ಲ.

ಇದು ಮುಖ್ಯವಾದ ಮಾತು. ಮುದ್ರಿಸುವವರು ನೆಗೆಟಿವ್‌ನಲ್ಲಿ ಅಡಗಿರುವುದನ್ನು ಹೊರತರಬಲ್ಲರು. ಬೆಳಕು ಬರೆಯದೇ ಇದ್ದದ್ದನ್ನು ಅವರು ಸೃಷ್ಟಿಸಲಾರರು. ಆದ್ದರಿಂದಲೇ ಒಳ್ಳೆಯ ಛಾಯಾಗ್ರಾಹಕರು ಫೋಟೋ ತೆಗೆಯುವಾಗಲೇ ನೆರಳಿನ ಕಡೆ ನೋಡುತ್ತಾರೆ. ಎಲ್ಲರನ್ನೂ ಬಿಸಿಲಿಗೋ ಎಲ್ಲರನ್ನೂ ನೆರಳಿಗೋ ಕರೆಯುತ್ತಾರೆ.

ಆ ಹುಡುಗನ ಹೆಸರು ಅಜ್ಜಿಗೆ ನೆನಪಿತ್ತು. ಹೊಸ ಪ್ರತಿ ಒಣಗಿದ ಮೇಲೆ, ಅದರ ಹಿಂಬದಿಯಲ್ಲಿ ಅವನು ನಿಂತ ಜಾಗಕ್ಕೆ ಸರಿಯಾಗಿ ಪೆನ್ಸಿಲಿನಿಂದ ಹೆಸರು ಬರೆಸಿದರು.

ಒಂದೇ ನೆಗೆಟಿವ್, ಹಲವು ಚಿತ್ರ

ಅಮೆರಿಕದ ಆನ್ಸೆಲ್ ಆಡಮ್ಸ್ (1902–1984) ಪ್ರಸಿದ್ಧ ಛಾಯಾಗ್ರಾಹಕರು. 1941ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯದ ಹರ್ನಾಂಡೆಜ್ ಎಂಬ ಹಳ್ಳಿಯ ಬಳಿ ಅವರು ಕಾರಿನಲ್ಲಿ ಹೋಗುತ್ತಿದ್ದರು. ಚಂದ್ರ ಮೇಲೆ ಬಂದಿದ್ದ. ಮುಳುಗುತ್ತಿದ್ದ ಸೂರ್ಯನ ಬೆಳಕು ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಬಿದ್ದಿತ್ತು. ಅವಸರದಲ್ಲಿ ಬೆಳಕು ಅಳೆಯುವ ಮೀಟರ್ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟೆಂಬುದು ಅವರಿಗೆ ತಿಳಿದಿತ್ತು. ಅದರಿಂದಲೇ ಲೆಕ್ಕ ಹಾಕಿ ಫೋಟೋ ತೆಗೆದರು.

ನೆಗೆಟಿವ್‌ನ ಕೆಳಭಾಗ ತೀರ ತೆಳುವಾಗಿತ್ತು. 1948ರಲ್ಲಿ ಅವರು ಆ ಭಾಗವನ್ನು ರಾಸಾಯನಿಕದಿಂದ ಗಾಢಗೊಳಿಸಿದರು. ಮುಂದೆ ಹಲವು ದಶಕಗಳ ಕಾಲ ಅದೇ ನೆಗೆಟಿವ್‌ನಿಂದ ನೂರಾರು ಪ್ರತಿಗಳನ್ನು ಮುದ್ರಿಸಿದರು. ಮೊದಲಿನ ಪ್ರತಿಗಳಲ್ಲಿ ಆಕಾಶ ಬೂದಾಗಿದೆ, ಮೋಡಗಳು ಕಾಣುತ್ತವೆ. ನಂತರದವುಗಳಲ್ಲಿ ಆಕಾಶ ಹೆಚ್ಚುಕಡಿಮೆ ಕಪ್ಪು. ಆಡಮ್ಸ್ ಪಿಯಾನೋ ಕಲಿತಿದ್ದವರು. ನೆಗೆಟಿವ್ ಎಂದರೆ ಬರೆದಿಟ್ಟ ಸಂಗೀತ, ಮುದ್ರಣವೆಂದರೆ ಅದನ್ನು ನುಡಿಸುವುದು ಎಂಬುದು ಅವರ ಹೋಲಿಕೆ. ಒಂದೇ ದೇವರನಾಮವನ್ನು ಇಬ್ಬರು ಗಾಯಕರು ಬೇರೆ ಬೇರೆಯಾಗಿ ಹಾಡುವುದನ್ನು ನೀವು ಕೇಳಿಲ್ಲವೇ? ಇದೂ ಹಾಗೆಯೇ.

*ಮಾಡಿ ನೋಡಿ – 2: ಪೆನ್ಸಿಲ್ ಏಣಿ*
ಹಾಳೆಯ ಮೇಲೆ ಆರು ಚೌಕಗಳ ಎರಡು ಸಾಲು ಎಳೆಯಿರಿ. ಮೊದಲ ಸಾಲಿನಲ್ಲಿ ಬಿಳಿಯಿಂದ ಕಪ್ಪಿನವರೆಗೆ ಸಮನಾಗಿ ಆರು ಛಾಯೆ ತುಂಬಿ. ಇದು ಸಾಫ್ಟ್. ಎರಡನೇ ಸಾಲಿನಲ್ಲಿ ಮೊದಲ ಮೂರು ಬಿಳಿ, ನಂತರದ ಮೂರು ಕಪ್ಪು. ಇದು ತುಂಬಾ ಹಾರ್ಡ್. ಈಗ ಬಿಸಿಲಿನಲ್ಲಿಟ್ಟ ಒಂದು ಮಣ್ಣಿನ ಮಡಕೆಯನ್ನು ಎರಡು ಬಾರಿ ಚಿತ್ರಿಸಿ: ಒಮ್ಮೆ ಆರೂ ಛಾಯೆ ಬಳಸಿ, ಒಮ್ಮೆ ಕಪ್ಪು-ಬಿಳುಪು ಮಾತ್ರ ಬಳಸಿ. ಯಾವುದರಲ್ಲಿ ಮಡಕೆ ಗುಂಡಗೆ ಕಾಣುತ್ತದೆ?

*ಮಾಡಿ ನೋಡಿ – 3: ಅರಿಶಿನದ ಟೆಸ್ಟ್ ಸ್ಟ್ರಿಪ್*
ಬಟ್ಟೆಗೆ ತಾಗಿದ ಅರಿಶಿನದ ಕಲೆ ಬಿಸಿಲಿನಲ್ಲಿ ಒಣಹಾಕಿದರೆ ಮಾಸುವುದನ್ನು ಅಮ್ಮನನ್ನು ಕೇಳಿ ತಿಳಿಯಿರಿ. ಅರಿಶಿನಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಡ್ರಾಯಿಂಗ್ ಹಾಳೆಗೆ ತೆಳುವಾಗಿ ಬಳಿದು ನೆರಳಿನಲ್ಲಿ ಒಣಗಿಸಿ. ಒಂದು ಪಟ್ಟಿ ಕತ್ತರಿಸಿ ರಟ್ಟಿನಿಂದ ಮುಚ್ಚಿ, ಒಳ್ಳೆಯ ಬಿಸಿಲಿನಲ್ಲಿಡಿ. ಪ್ರತಿ ಒಂದು ಗಂಟೆಗೆ ರಟ್ಟನ್ನು ಸ್ವಲ್ಪ ಸರಿಸಿ. ನಾಲ್ಕು ಗಂಟೆಯ ನಂತರ ಯಾವ ಭಾಗ ಹೆಚ್ಚು ಮಾಸಿದೆ ನೋಡಿ. ಇಲ್ಲಿ ಬೆಳಕು ಬಿದ್ದಲ್ಲಿ ತಿಳಿಯಾಗುತ್ತದೆ, ಬೆಳ್ಳಿ ಕಾಗದದಲ್ಲಿ ಬೆಳಕು ಬಿದ್ದಲ್ಲಿ ಕಪ್ಪಾಗುತ್ತದೆ. ಈ ವ್ಯತ್ಯಾಸವನ್ನು ಬರೆದಿಡಿ.
(ಎಚ್ಚರಿಕೆ: ಕತ್ತಲೆ ಕೋಣೆಯ ರಾಸಾಯನಿಕಗಳನ್ನು ದೊಡ್ಡವರಿಲ್ಲದೆ ಮುಟ್ಟಬಾರದು.)

ಇಂದಿನ ಮೊಬೈಲಿನಲ್ಲಿ

ಇಂದು ಹೆಚ್ಚಿನ ಫೋಟೋಗಳನ್ನು ಮೊಬೈಲಿನಲ್ಲೇ ತೆಗೆಯುತ್ತಾರೆ. ಅದರಲ್ಲೂ ಕಾಂಟ್ರಾಸ್ಟ್ ಎಂಬ ಗುಂಡಿ ಇದೆ. ಅದನ್ನು ಎಳೆದಾಗ ಚಿತ್ರ ಥಟ್ಟನೆ 'ಚೆನ್ನಾಗಿ' ಕಾಣುತ್ತದೆ. ಆದರೆ ಈಗ ನಿಮಗೆ ಗೊತ್ತು: ಕಾಂಟ್ರಾಸ್ಟ್ ಹೆಚ್ಚಿಸುವುದೆಂದರೆ ಏಣಿಯನ್ನು ಗಿಡ್ಡ ಮಾಡುವುದು. ಎರಡು ತುದಿಯಲ್ಲಿ ಯಾರೋ ಹೊರಗೆ ಬೀಳಬಹುದು. ಕಪ್ಪು ಮೈಬಣ್ಣದವರ ಮುಖ, ನೆರಳಿನಲ್ಲಿ ನಿಂತವರ ಮುಖ ಮೊದಲು ಮುಳುಗುತ್ತದೆ. "ಅವನು ಫೋಟೋದಲ್ಲಿ ಚೆನ್ನಾಗಿ ಬರಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಅವನ ಬಣ್ಣದ ದೋಷವಲ್ಲ, ಬೆಳಕಿನ ಲೆಕ್ಕ ತಪ್ಪಿದ್ದು. ಲೆಕ್ಕವನ್ನು ಸರಿಪಡಿಸಬಹುದು.

ಮುಂದಿನ ಬಾರಿ ನಿಮ್ಮ ಶಾಲೆಯ ಗ್ರೂಪ್ ಫೋಟೋ ತೆಗೆಯುವಾಗ ಒಂದು ಕ್ಷಣ ಎರಡೂ ತುದಿಗಳನ್ನು ನೋಡಿ. ನೆರಳಿನಲ್ಲಿ ಯಾರಾದರೂ ನಿಂತಿದ್ದರೆ ಅವರನ್ನೂ ಈಚೆ ಕರೆಯಿರಿ.

ಯೋಚಿಸಿ, ಉತ್ತರಿಸಿ

1. ಬೆಳಕು ಬೀಳಿಸುವ ಸಮಯ ಬದಲಾಯಿಸುವುದಕ್ಕೂ ಗ್ರೇಡ್ ಬದಲಾಯಿಸುವುದಕ್ಕೂ ಏನು ವ್ಯತ್ಯಾಸ?
2. ಮಂಜಿನ ಬೆಳಗಿನಲ್ಲಿ ತೆಗೆದ ನೆಗೆಟಿವ್‌ಗೆ ಯಾವ ಗ್ರೇಡ್ ಸೂಕ್ತ? ಏಕೆ?
3. ಮಲ್ಟಿಗ್ರೇಡ್ ಕಾಗದದ ಮೇಲೆ ಹಳದಿ ಫಿಲ್ಟರ್ ಬಳಸಿದರೆ ಚಿತ್ರ ಸಾಫ್ಟ್ ಆಗುವುದೇಕೆ?
4. ಒಂದು ನೆಗೆಟಿವ್‌ನಲ್ಲಿ ಅಂಗಿಯಿಂದ 1 ಪಾಲು, ನೆರಳಿನಿಂದ 30 ಪಾಲು ಬೆಳಕು ಹಾಯುತ್ತದೆ. ಒಟ್ಟು 12 ಸೆಕೆಂಡುಗಳಲ್ಲಿ ನೆರಳಿನ ಭಾಗವನ್ನು 4 ಸೆಕೆಂಡು ತಡೆದರೆ ಅಂತರ ಎಷ್ಟು ಪಟ್ಟಿಗೆ ಇಳಿಯುತ್ತದೆ? ಯಾವ ಗ್ರೇಡ್ ಸಾಕಾಗುತ್ತದೆ?
5. ನಿಮ್ಮ ಶಾಲೆಯ ಅಥವಾ ಮನೆಯ ಒಂದು ಹಳೆಯ ಕಪ್ಪು-ಬಿಳುಪು ಫೋಟೋ ನೋಡಿ. ಅದರಲ್ಲಿರುವವರ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದಿಡಿ.

(4ನೇ ಪ್ರಶ್ನೆಯ ಉತ್ತರ: 30 × 8 ÷ 12 = 20 ಪಟ್ಟು; ಗ್ರೇಡ್ 1.)